ವಿಶೇಷ ಸಂಚಿಕೆಗೆ ಲೇಖನ ಆಹ್ವಾನಿಸುವುದು ಹೇಗೆ: ವಿಷಯದ ಆಯ್ಕೆಯಿಂದ ಅಚ್ಚಿನವರೆಗೆ

ಮಾನವಿಕ ವಿಷಯಗಳ ಪತ್ರಿಕೆಯೊಂದು ಒಂದೇ ವಿಷಯದ ಮೇಲೆ ಸಂಚಿಕೆ ತರಲು ಹೊರಟಾಗ ಎಂಥ ಲೇಖನಗಳು ಬರುತ್ತವೆ ಎಂಬುದು ಆಹ್ವಾನ ಪತ್ರ ಬರೆದ ದಿನವೇ ಬಹುಪಾಲು ತೀರ್ಮಾನವಾಗಿರುತ್ತದೆ. ‘ಸಾಹಿತ್ಯ ಮತ್ತು ಪರಿಸರ’ ಎಂದು ಕರೆದರೆ ಎಲ್ಲಿ ಕುಳಿತಾದರೂ ಬರೆಯಬಹುದಾದ ಲೇಖನಗಳು ಬರುತ್ತವೆ. ಖಚಿತವಾದ ಪ್ರಶ್ನೆ ಕೇಳಿದರೆ, ಆ ಪ್ರಶ್ನೆಗೆ ಬೇಕಾದ ಕಾಗದ, ಹಾಡು, ನೆನಪು ಕೈಯಲ್ಲಿರುವವರು ಮುಂದೆ ಬರುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಅಂಥ ಸಾಮಗ್ರಿಯ ದೊಡ್ಡ ಪಾಲು ಕಾಲೇಜುಗಳ ಹೊರಗೇ ಇದೆ. ಅದನ್ನು ಒಳಗೆ ತರುವ ಹಾಗೆ ಕರೆಯಬೇಕು.

ವಿವರಣೆಗೆ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ: ಬಾಗಲಕೋಟೆಯಿಂದ ಹೊರಡುವ ಪತ್ರಿಕೆಯೊಂದು ‘ಮುಳುಗಡೆ’ಯ ಬಗ್ಗೆ 160 ಪುಟಗಳ ಸಂಚಿಕೆ ತರಬೇಕಾಗಿದೆ.

ವಿಷಯವನ್ನು ಬಿಗಿ ಮಾಡುವುದು

‘ಮುಳುಗಡೆ’ ಎಂಬಷ್ಟೇ ವಿಷಯ ಸಾಲದು. ಅದಕ್ಕೆ ಸ್ಥಳ, ಕಾಲ, ಸಾಮಗ್ರಿ ಎಂಬ ಮೂರು ಎಲ್ಲೆಗಳನ್ನು ಹಾಕಬೇಕು. ಸ್ಥಳ: ಆಲಮಟ್ಟಿ ಜಲಾಶಯದ ಹಿನ್ನೀರು ನಿಲ್ಲುವ ಕೃಷ್ಣಾ, ಘಟಪ್ರಭಾ ದಂಡೆ. ಕಾಲ: ಲಾಲ್ ಬಹಾದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದ 1964ರಿಂದ ಇಂದಿನವರೆಗೆ. ಸಾಮಗ್ರಿ: ಭೂಸ್ವಾಧೀನದ ಐತೀರ್ಪುಗಳು, ಗ್ರಾಮ ನಕಾಶೆ, ಶಾಲೆಯ ದಾಖಲಾತಿ ರಜಿಸ್ಟರ್, ಹಳೆಯ ವಿಳಾಸವಿರುವ ಲಗ್ನಪತ್ರಿಕೆ, ಫೋಟೊ ಸ್ಟುಡಿಯೊಗಳ ನೆಗೆಟಿವ್, ಹಂತಿ ಹಾಡು, ಮೊಹರಂ ಪದ. ಕೊನೆಯ ಎಲ್ಲೆಯನ್ನು ಸಂಪಾದಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅದನ್ನು ಬರೆದರೆ ಮಾತ್ರ ‘ನಮ್ಮ ಮನೆಯಲ್ಲೂ ಇಂಥದ್ದೊಂದು ಇದೆಯಲ್ಲ’ ಎಂದು ಓದುಗರಿಗೆ ಹೊಳೆಯುತ್ತದೆ.

ಬೇರೆ ವಿಷಯಗಳಿಗೂ ಇದೇ ರೀತಿ. ವಿಜಯಪುರದವರು ‘ಆದಿಲ್‌ಶಾಹಿ ವಾಸ್ತುಶಿಲ್ಪ’ದ ಬದಲು ಕರೇಜ್ ನೀರಿನ ಸುರಂಗಗಳು, ತಾಜ್ ಬಾವಡಿ, ಚಾಂದ್ ಬಾವಡಿಗಳ ಸುತ್ತಲಿನ ಓಣಿಗಳ ನೀರಿನ ಬಳಕೆಯನ್ನು ಕೇಳಬಹುದು. ಇಳಕಲ್, ಗುಳೇದಗುಡ್ಡದ ಕಡೆಯವರು ‘ನೇಕಾರಿಕೆ ಮತ್ತು ಸಂಸ್ಕೃತಿ’ಯನ್ನು ಬಿಟ್ಟು, ಸೀರೆ ಮತ್ತು ಖಣದ ವ್ಯಾಪಾರದ ಲೆಕ್ಕದ ವಹಿಗಳನ್ನು ಕೇಳಬಹುದು. ಬೆಳಗಾವಿಯವರಿಗೆ ‘ಗಡಿ ಸಮಸ್ಯೆ’ಗಿಂತ ಕನ್ನಡ, ಮರಾಠಿ ಎರಡರಲ್ಲೂ ಹಾಡುವ ಭಜನಾಮೇಳಗಳು ಹೆಚ್ಚು ಕೊಡುತ್ತವೆ.

ಬಿಗಿ ಸಾಕಷ್ಟಾಯಿತೇ ಎಂದು ನೋಡಲು ಎರಡು ಪರೀಕ್ಷೆಗಳಿವೆ. ಈ ವಿಷಯದ ಮೇಲೆ ಬರೆಯಬಲ್ಲವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ಕು ಹೆಸರೂ ಬರದಿದ್ದರೆ ವಿಷಯ ತೀರ ಇಕ್ಕಟ್ಟಾಗಿದೆ ಅಥವಾ ಸಂಪಾದಕ ಮಂಡಳಿಗೆ ಆ ಕ್ಷೇತ್ರದ ಪರಿಚಯ ಸಾಲದು. ಮೂವತ್ತು ಹೆಸರು ಸಲೀಸಾಗಿ ಬಂದರೆ ತೀರ ಅಗಲವಾಗಿದೆ. ಎರಡನೆಯದು ಇನ್ನೂ ಸರಳ: ಯಾರಾದರೂ ತಮ್ಮ ಹಳೆಯ ಉಪನ್ಯಾಸಕ್ಕೆ ಹೊಸ ತಲೆಬರಹ ಹಚ್ಚಿ ಕಳಿಸಿದರೆ ಅದು ಈ ಕರೆಗೆ ಹೊಂದುತ್ತದೆಯೇ? ಹೊಂದುವುದಾದರೆ ಕರೆಯನ್ನು ಮತ್ತೆ ಬರೆಯಿರಿ.

ಆಹ್ವಾನ ಪತ್ರ

ಎ4 ಅಳತೆಯ ಎರಡು ಪುಟ ಸಾಕು. ಮೊದಲ ಪ್ಯಾರಾ 100 ಪದ ಮೀರಬಾರದು. ಅದರಲ್ಲಿ ಏನು ಗೊತ್ತಿದೆ, ಏನು ದಾಖಲಾಗಬೇಕು, ಸಂಚಿಕೆ ಏನು ಮಾಡಬಯಸುತ್ತದೆ ಎಂಬ ಮೂರೇ ಮಾತುಗಳಿರಲಿ. ಮಾದರಿಗೆ:

“ಕೃಷ್ಣಾ, ಘಟಪ್ರಭಾ ದಂಡೆಯ ಅನೇಕ ಹಳ್ಳಿಗಳೂ ಬಾಗಲಕೋಟೆ ಪಟ್ಟಣದ ಭಾಗಗಳೂ ಆಲಮಟ್ಟಿ ಹಿನ್ನೀರಿಗೆ ಸೇರಿವೆ. ಸ್ವಾಧೀನವಾದ ಜಮೀನು, ಕೊಟ್ಟ ಪರಿಹಾರ, ಹಂಚಿದ ನಿವೇಶನಗಳ ಲೆಕ್ಕ ಕಚೇರಿಗಳಲ್ಲಿದೆ. ಊರು ಎದ್ದು ಹೋದ ಮೇಲೆ ಓಣಿಯ ಹೆಸರು, ಗ್ರಾಮದೇವತೆಯ ಸೇವೆಯ ಸರದಿ, ಸಂತೆಯ ದಿನ, ನೆರೆಹೊರೆಯ ಕೊಡುಕೊಳ್ಳುವಿಕೆ ಏನಾದವು ಎಂಬುದನ್ನು ಈ ಸಂಚಿಕೆ ಆಧಾರ ಸಹಿತ ದಾಖಲಿಸಬಯಸುತ್ತದೆ.”

ಇದರ ಕೆಳಗೆ ಐದಾರು ಪ್ರಶ್ನೆಗಳನ್ನು ಕೊಡಿ. ‘ಮುಳುಗಡೆ ಮತ್ತು ಮಹಿಳೆ’, ‘ಮುಳುಗಡೆ ಮತ್ತು ಜಾನಪದ’ ಎಂದು ಉಪವಿಷಯಗಳ ಪಟ್ಟಿ ಹಾಕುವ ರೂಢಿ ಎಲ್ಲ ಕಡೆ ಇದೆ. ಪಟ್ಟಿ ಉದ್ದವಾದಷ್ಟೂ ಲೇಖನ ತೆಳುವಾಗುತ್ತವೆ, ಏಕೆಂದರೆ ‘ಮತ್ತು’ ಹಾಕಿದ ತಲೆಬರಹದ ಕೆಳಗೆ ಯಾವ ಸಾಮಾನ್ಯ ಮಾತನ್ನಾದರೂ ಬರೆಯಬಹುದು. ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಹೀಗೆ ಕೇಳಿ:

– ಪುನರ್ವಸತಿ ಕೇಂದ್ರದಲ್ಲಿ ಹಳೆಯ ಓಣಿಯ ನೆರೆಹೊರೆ ಒಟ್ಟಿಗೆ ಉಳಿಯಿತೇ, ಚದುರಿತೇ? ನಿವೇಶನ ಹಂಚಿಕೆಯ ಪಟ್ಟಿ ಏನು ಹೇಳುತ್ತದೆ, ಜನ ಏನು ಹೇಳುತ್ತಾರೆ?
– ಗುಡಿ, ದರ್ಗಾ, ಮಠಗಳು ಸ್ಥಳಾಂತರವಾದಾಗ ಪೂಜೆ, ಜಾತ್ರೆ, ಉರುಸಿನ ಮಾನದ ಹಕ್ಕುಗಳು ಹೇಗೆ ಬದಲಾದವು?
– ಕೂಡಲಸಂಗಮದ ಐಕ್ಯಮಂಟಪದ ಸುತ್ತ ಗೋಡೆ ಕಟ್ಟಿ ಅದನ್ನು ನೀರಿನಿಂದ ಕಾಯಲಾಯಿತು. ಅಂಥ ರಕ್ಷಣೆ ಸಿಗದ ಸಣ್ಣ ಗುಡಿಗಳು, ವೀರಗಲ್ಲುಗಳು ಈಗ ಎಲ್ಲಿವೆ?
– ಮಳಲು, ಎರೆ, ತೋಟದ ಬೇಸಾಯಕ್ಕೆ ಸಂಬಂಧಿಸಿದ ಯಾವ ಪದಗಳು ಮುಳುಗಡೆಯಾದವರಿಗಾಗಿ ಬಾಗಲಕೋಟೆಯಲ್ಲಿ ಕಟ್ಟಿದ ನವನಗರದಲ್ಲಿ ಬೆಳೆದ ಮಕ್ಕಳಿಗೆ ಗೊತ್ತಿಲ್ಲ?
– ಹೆಣ್ಣುಮಕ್ಕಳಿಗೆ ತವರೂರೇ ಇಲ್ಲವಾದಾಗ ನಾಗರಪಂಚಮಿಗೆ ಹೋಗಿಬರುವ ಪದ್ಧತಿ ಏನಾಯಿತು?

ಯಾವ ಬಗೆಯ ಬರಹ ಬೇಕು, ಎಷ್ಟು ಉದ್ದ ಎಂಬುದನ್ನು ಆಮೇಲೆ ಹೇಳಿ. ಸಂಶೋಧನ ಲೇಖನ 3,500 ಪದ. ದಾಖಲೆಯೊಂದರ ಪಠ್ಯ, ಜೊತೆಗೆ ಟಿಪ್ಪಣಿ: 1,700 ಪದ. ಎರಡನೆಯ ಬಗೆಯನ್ನು ಇಡಲೇಬೇಕು. ನಿವೃತ್ತ ತಲಾಠಿಯೊಬ್ಬರು, ಸರ್ವೇಯರ್ ಒಬ್ಬರು, ಪ್ರಾಥಮಿಕ ಶಾಲೆಯ ಅಕ್ಕೋರು ಸಿದ್ಧಾಂತದ ಚರ್ಚೆ ಬರೆಯಲಿಕ್ಕಿಲ್ಲ. ತಮ್ಮಲ್ಲಿರುವ ಒಂದು ಹಳೆಯ ನಕಾಶೆಯನ್ನು ಓದಿ ವಿವರಿಸಬಲ್ಲರು, ಮತ್ತು ಅದು ಎಷ್ಟೋ ಸಲ ಸಂಚಿಕೆಯಲ್ಲಿ ಹೆಚ್ಚು ಕಾಲ ಬಾಳುವ ಬರಹವಾಗುತ್ತದೆ.

ಬರೆಯುವವರಿಗೆ ಪಿಎಚ್‌ಡಿ ಇರಲೇಬೇಕು ಎಂಬ ಷರತ್ತು ಬೇಡ. 1923ರಲ್ಲಿ ವಚನಗಳ ಸಂಕಲನದ ಮೊದಲ ಭಾಗವನ್ನು ಹೊರತಂದು, 1926ರಿಂದ ವಿಜಯಪುರದಲ್ಲಿ ‘ಶಿವಾನುಭವ’ ಪತ್ರಿಕೆ ನಡೆಸಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಮನೆಮನೆಗಳಲ್ಲಿದ್ದ ತಾಡೋಲೆಗಳನ್ನು ಅವರು ಹುಡುಕಿ ತಂದ ನೆಲದಲ್ಲಿ ಪದವಿ ಕೇಳಿ ಬಾಗಿಲು ಹಾಕುವುದು ತಪ್ಪು.

ಪತ್ರದಲ್ಲಿ ಇನ್ನೂ ಇರಬೇಕಾದವು: ಯಾವ ಭಾಷೆಗಳಲ್ಲಿ ಕಳಿಸಬಹುದು, ದಿನಾಂಕಗಳು, ಲೇಖನವನ್ನು ಯಾರು ಹೇಗೆ ಪರಿಶೀಲಿಸುತ್ತಾರೆ, ಗೌರವಧನ ಇದೆಯೇ, ಎಷ್ಟು ಪ್ರತಿ ಕೊಡುತ್ತೀರಿ, ಪ್ರಶ್ನೆ ಇದ್ದರೆ ಕೇಳಲು ಒಬ್ಬರೇ ಒಬ್ಬರ ಹೆಸರು ಮತ್ತು ದೂರವಾಣಿ. ಇಬ್ಬರ ಹೆಸರು ಕೊಟ್ಟರೆ ಒಬ್ಬರು ಹೂಂ ಅಂದದ್ದನ್ನು ಇನ್ನೊಬ್ಬರು ಇಲ್ಲ ಅನ್ನುವ ಪರಿಸ್ಥಿತಿ ಬರುತ್ತದೆ.

ಲೇಖಕರಿಂದ ಹಣ ಕೇಳಬೇಡಿ. ‘ಯಾವ ಶುಲ್ಕವೂ ಇಲ್ಲ’ ಎಂದು ಪತ್ರದಲ್ಲೇ ಬರೆಯಿರಿ. ಪ್ರಕಟಣೆಯ ಹೆಸರಿನಲ್ಲಿ ದುಡ್ಡು ಕಳೆದುಕೊಂಡ ಅಧ್ಯಾಪಕರು, ಸಂಶೋಧನ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಆ ಒಂದು ಸಾಲು ಅವರಲ್ಲಿ ನಂಬಿಕೆ ಹುಟ್ಟಿಸುತ್ತದೆ. ಹಾಗೆಯೇ ‘ಯುಜಿಸಿ ಕೇರ್ ಪಟ್ಟಿಯ ಪತ್ರಿಕೆ’ ಎಂಬ ಹಳೆಯ ಸಾಲನ್ನು ತೆಗೆದುಹಾಕಿ. ಮಾನ್ಯ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಆ ಪಟ್ಟಿಯನ್ನು ನಿಲ್ಲಿಸಿರುವುದಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2025ರ ಫೆಬ್ರವರಿಯಲ್ಲಿ ಪ್ರಕಟಿಸಿದೆ. ಐಎಸ್‌ಎಸ್‌ಎನ್ ಇದ್ದರೆ ಎಂಟು ಅಂಕಿಗಳನ್ನೂ ಬರೆಯಿರಿ. ಮುದ್ರಿತ ಆವೃತ್ತಿಗೆ, ಆನ್‌ಲೈನ್ ಆವೃತ್ತಿಗೆ ಬೇರೆಬೇರೆ ಸಂಖ್ಯೆ ಬೇಕು. ಐಎಸ್‌ಎಸ್‌ಎನ್ ಪತ್ರಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ. ಅದನ್ನು ಗುಣಮಟ್ಟದ ಮುದ್ರೆ ಎಂಬಂತೆ ದೊಡ್ಡಕ್ಷರದಲ್ಲಿ ಹಾಕಬಾರದು.

ಪುಟದ ಲೆಕ್ಕ ಮೊದಲೇ ಆಗಲಿ

ಡೆಮಿ 1/8 ಅಳತೆಯಲ್ಲಿ ಒಂದು ಫಾರ್ಮಿಗೆ, ಅಂದರೆ ಮಡಚಿ ಹೊಲಿಯುವ ಒಂದು ದೊಡ್ಡ ಅಚ್ಚಿನ ಹಾಳೆಗೆ, 16 ಪುಟ. 160 ಪುಟವೆಂದರೆ 10 ಫಾರ್ಮ್. ಸಾಧಾರಣ ಅಕ್ಷರದ ಗಾತ್ರದಲ್ಲಿ ಪುಟಕ್ಕೆ ಸುಮಾರು 220 ಕನ್ನಡ ಪದ ಹಿಡಿಯುತ್ತದೆ, ಹಾಗಾಗಿ 3,500 ಪದದ ಲೇಖನ ಒಂದು ಫಾರ್ಮ್ ತುಂಬುತ್ತದೆ. ಎಂಟು ಲೇಖನಕ್ಕೆ 128 ಪುಟ, ಎರಡು ದಾಖಲೆಗೆ 16, ಮುಖಪುಟದ ಒಳಹಾಳೆ, ಪರಿವಿಡಿ, ಸಂಪಾದಕೀಯಕ್ಕೆ 12, ಲೇಖಕರ ಪರಿಚಯಕ್ಕೆ 4. ಅಲ್ಲಿಗೆ 160 ಮುಗಿಯಿತು. ಈ ಲೆಕ್ಕವಿಲ್ಲದೆ ಕರೆದರೆ ಒಬ್ಬರು 9,000 ಪದ ಕಳಿಸುತ್ತಾರೆ. ಅವರು ಹಿರಿಯರಾಗಿದ್ದರೆ ಕತ್ತರಿಸುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. ಕಡೆಗೆ ಕಿರಿಯರ ಎರಡು ಲೇಖನಗಳು ಬಿದ್ದುಹೋಗುತ್ತವೆ.

ದಿನಾಂಕಗಳು

ಕರೆಯಿಂದ ಪ್ರತಿ ಕೈಗೆ ಬರುವತನಕ ಹತ್ತು ತಿಂಗಳು ಇಟ್ಟುಕೊಳ್ಳಿ. ಜೂನ್ ಮೊದಲ ವಾರ ಕರೆ ಹೊರಟರೆ ಸಾರಲೇಖಕ್ಕೆ (ಲೇಖನ ಬರೆಯುವ ಮೊದಲು ಕಳಿಸುವ ಸಾರಾಂಶ) ಜುಲೈ 20, ಆಯ್ಕೆಯ ಉತ್ತರಕ್ಕೆ ಆಗಸ್ಟ್ 5, ಪೂರ್ಣ ಲೇಖನಕ್ಕೆ ನವೆಂಬರ್ 15, ಪರಿಶೀಲಕರ ವರದಿಗೆ ಡಿಸೆಂಬರ್ 31, ತಿದ್ದಿದ ಪ್ರತಿಗೆ ಜನವರಿ 31, ಡಿಟಿಪಿ ಮತ್ತು ಕರಡು ತಿದ್ದಲು ಮಾರ್ಚ್ ನಡುವಿನವರೆಗೆ, ಮುದ್ರಣ ಮಾರ್ಚ್ ಕೊನೆಗೆ. ಇದರಲ್ಲಿ ಬರೆಯುವವರಿಗೆ ದಸರಾ ರಜೆಯೂ ದೀಪಾವಳಿಯೂ ಸಿಗುತ್ತವೆ. ಜನವರಿಯಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ ಒಂದರ ಹಿಂದೆ ಒಂದು ಬರುತ್ತವೆ. ಕ್ಷೇತ್ರಕಾರ್ಯ ಮಾಡುವವರು ಅಲ್ಲಿರುತ್ತಾರೆ, ಆ ದಿನಗಳಲ್ಲಿ ಗಡುವು ಇಟ್ಟರೆ ಯಾರೂ ಕೊಡುವುದಿಲ್ಲ. ಲೇಖಕರನ್ನು ಒಂದು ದಿನ ಸೇರಿಸುವ ಯೋಚನೆಯಿದ್ದರೆ ಬೆಳಗಾವಿಯಲ್ಲಿ ಡಿಸೆಂಬರ್ ತಪ್ಪಿಸಿ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ವಸತಿ ಸಿಗುವುದು ಕಷ್ಟ.

ಪತ್ರದಲ್ಲಿ ಬರೆದ ಗಡುವಿನ ಆಚೆಗೆ ಹತ್ತು ದಿನವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಬಹಿರಂಗವಾಗಿ ‘ಗಡುವು ವಿಸ್ತರಣೆ’ ಹೊರಡಿಸಿದರೆ, ಸಮಯಕ್ಕೆ ಸರಿಯಾಗಿ ಕಳಿಸಿದವರಿಗೆ ಅನ್ಯಾಯವಾಗುತ್ತದೆ. ಮುಂದಿನ ಸಂಚಿಕೆಯ ಗಡುವನ್ನು ಆಮೇಲೆ ಯಾರೂ ನಂಬುವುದಿಲ್ಲ.

ಯಾರಿಗೆ ತಲುಪಿಸಬೇಕು

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಮುಂತಾದ ಕಡೆಗಳ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ವಿಭಾಗಗಳಿಗೆ ಹೋಗುವುದು ಸರಿಯೇ. ಪ್ರಾಂಶುಪಾಲರ ಹೆಸರಿಗೆ ಕಳಿಸಿದ ಸುತ್ತೋಲೆ ಮಾತ್ರ ಹೆಚ್ಚಾಗಿ ಸೂಚನಾ ಫಲಕದಲ್ಲೇ ಉಳಿಯುತ್ತದೆ. ವಿಷಯ ಬಿಗಿ ಮಾಡುವಾಗ ಹಾಳೆಯಲ್ಲಿ ಬರೆದ ಹೆಸರಿನವರಿಗೆ ಒಬ್ಬೊಬ್ಬರಿಗೂ ಬೇರೆ ಪತ್ರ ಬರೆಯಿರಿ, ಅವರಲ್ಲಿ ಏನಿದೆ ಎಂದು ಬಲ್ಲಿರೋ ಅದನ್ನೇ ಕೇಳಿ: “ಸರ್, ನಿಮ್ಮ ತಂದೆಯವರ ಕಾಲದ ಸಂತೆಯ ವಸೂಲಿ ಪುಸ್ತಕ ನಿಮ್ಮ ಹತ್ತಿರ ಇದೆ ಎಂದು ಕೇಳಿದ್ದೇವೆ. ಅದರ ಬಗ್ಗೆ ಎಂಟು ಪುಟ ಬರೆದುಕೊಡುವಿರಾ? ಬರೆಯಲು ಅನುಕೂಲವಿಲ್ಲದಿದ್ದರೆ ನೀವು ಹೇಳಿ, ನಾವು ಬರೆದುಕೊಳ್ಳುತ್ತೇವೆ.” ಕೊನೆಯ ಮಾತು ಬಹಳ ಮುಖ್ಯ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದರು, ಮೊಹರಂ ಪದ ಹಾಡುವವರು, ಹಿರಿಯ ಹೆಣ್ಣುಮಕ್ಕಳು ಈ ಒಂದು ದಾರಿಯಿಂದಲೇ ಒಳಗೆ ಬರುತ್ತಾರೆ.

ವಾಟ್ಸಾಪಿಗೆ 120 ಪದದ ಚಿಕ್ಕ ಪಠ್ಯ ಬೇರೆ ಬರೆಯಿರಿ. ಬಣ್ಣದ ಚಿತ್ರದೊಳಗೆ ಅಕ್ಷರ ಕೂಡಿಸಿ ಕಳಿಸಿದರೆ ಅದರಿಂದ ವಿಳಾಸವನ್ನಾಗಲಿ ದಿನಾಂಕವನ್ನಾಗಲಿ ನಕಲು ಮಾಡಿಕೊಳ್ಳಲು ಬರುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಚಿತ್ರ ಬೇಕಿದ್ದರೆ ಇರಲಿ, ಕೆಳಗೆ ಪಠ್ಯವೂ ಇರಲಿ.

ಬೆಳಗಾವಿ ಕಡೆ ಮರಾಠಿಯಲ್ಲಿ, ವಿಜಯಪುರದಲ್ಲಿ ಉರ್ದುವಿನಲ್ಲಿ ಬರೆಯುವವರನ್ನೂ ಕರೆಯಬೇಕು. ಹಾಗೆ ಕರೆದರೆ ಅನುವಾದಕರು ಯಾರೆಂದು ಮೊದಲೇ ಗೊತ್ತಿರಬೇಕು. ಲೇಖನವೊಂದಕ್ಕೆ ಮೂರು ವಾರ ಹೆಚ್ಚು ಹಿಡಿಯುತ್ತದೆ, ಅನುವಾದವನ್ನು ಮೂಲ ಲೇಖಕರು ನೋಡಿ ಒಪ್ಪಬೇಕು.

ಸಾರಲೇಖದ ಆಯ್ಕೆ

ಸಾರಲೇಖ 300 ಪದ. ಪ್ರಶ್ನೆ ಏನು, ಆಧಾರ ಯಾವುದು, ಆ ಆಧಾರ ಈಗ ಎಲ್ಲಿದೆ, ಇಲ್ಲಿಯತನಕ ಎಷ್ಟು ಕೆಲಸ ಆಗಿದೆ ಎಂಬ ನಾಲ್ಕಕ್ಕೂ ಉತ್ತರ ಕೇಳಿ. ಆಯ್ಕೆಯಲ್ಲಿ ಮೂರನೆಯ ಉತ್ತರವೇ ನಿರ್ಣಾಯಕ. “ಗ್ರಂಥಾಲಯದ ಆಕರಗಳನ್ನು ಬಳಸಲಾಗುವುದು” ಎಂದಷ್ಟೇ ಬರೆದವರ ಲೇಖನ ನವೆಂಬರಿನಲ್ಲಿ ಬರುವುದು ಕಡಿಮೆ. “ಊರಿನ ಶಾಲೆಯ ದಾಖಲಾತಿ ರಜಿಸ್ಟರ್ ನೋಡಿದ್ದೇನೆ, 40 ಪುಟದ ಫೋಟೊ ತೆಗೆದುಕೊಂಡಿದ್ದೇನೆ” ಎಂದವರ ಭಾಷೆ ಒರಟಾಗಿದ್ದರೂ ಆರಿಸಿ. ಭಾಷೆ ತಿದ್ದಬಹುದು, ಇಲ್ಲದ ಆಧಾರವನ್ನು ಸಂಪಾದಕರು ತರಲಾರರು.

ಎಂಟು ಲೇಖನ ಬೇಕಾದರೆ ಹನ್ನೆರಡು ಸಾರಲೇಖಗಳಿಗೆ ಒಪ್ಪಿಗೆ ಕೊಡಿ, ಕೆಲವರು ನಡುವೆ ಕೈಬಿಡುತ್ತಾರೆ. ಒಪ್ಪಿಗೆಯ ಪತ್ರದಲ್ಲಿ ‘ಇದು ಪ್ರಕಟಣೆಯ ಭರವಸೆಯಲ್ಲ, ಪರಿಶೀಲನೆಯ ನಂತರ ತೀರ್ಮಾನ’ ಎಂಬ ಸಾಲು ಇರಲಿ. ಒಪ್ಪಿಗೆಯಾಗದವರಿಗೂ ಆಗಸ್ಟ್ 5ಕ್ಕೇ ಉತ್ತರ ಹೋಗಲಿ, ಕಾರಣ ಒಂದು ವಾಕ್ಯದಲ್ಲಿರಲಿ. ಉತ್ತರವೇ ಇಲ್ಲದೆ ಕಾಯಿಸುವುದು ನಮ್ಮ ಪತ್ರಿಕೆಗಳ ದೊಡ್ಡ ಕೆಟ್ಟ ಅಭ್ಯಾಸ. ಒಳ್ಳೆಯ ಕಿರಿಯ ಲೇಖಕರು ಅದರಿಂದಲೇ ದೂರವಾಗುತ್ತಾರೆ.

ಕಡತ, ಅಕ್ಷರ, ಲಿಪಿ

ಇಲ್ಲಿ ಕೆಡುವಷ್ಟು ಕೆಲಸ ಬೇರೆಲ್ಲೂ ಕೆಡುವುದಿಲ್ಲ. ಲೇಖನ ಯೂನಿಕೋಡಿನಲ್ಲಿ ಬೇಕು ಎಂದು ಕೇಳಿ. ಆದರೂ ಹಳೆಯ ನುಡಿ, ಶ್ರೀಲಿಪಿಯಲ್ಲಿ ಬೆರಳಚ್ಚಾದ ಕಡತಗಳು ಬರುತ್ತವೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅವು ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಆದ್ದರಿಂದ ವರ್ಡ್ ಕಡತದ ಜೊತೆಗೆ ಪಿಡಿಎಫ್ ಪ್ರತಿಯನ್ನೂ ತರಿಸಿಕೊಳ್ಳಿ. ಲೇಖಕರು ಬರೆದದ್ದು ಏನೆಂದು ಹೋಲಿಸಿ ನೋಡಲು ಅದೊಂದೇ ಸಾಕ್ಷಿ. ಪರಿವರ್ತಕದಲ್ಲಿ ಹಾಕಿದ ಮೇಲೆ ಮೊದಲು ಅರ್ಕಾವತ್ತು, ಆಮೇಲೆ ಎರಡು ಒತ್ತು ಬರುವ ಕಡೆ, ಅಂಕಿಗಳು, ಉದ್ಧರಣ ಚಿಹ್ನೆಗಳನ್ನು ನೋಡಿ. ಬಾದಾಮಿ, ಐಹೊಳೆಯ ಶಾಸನಪಾಠ ಉದ್ಧರಿಸಿದ ಲೇಖನಗಳಲ್ಲಿ ಱ, ೞ ಅಕ್ಷರಗಳು ರ, ಳ ಆಗಿಬಿಟ್ಟಿರುತ್ತವೆ. ಅಚ್ಚಾದ ಶಾಸನ ಸಂಪುಟವನ್ನು ಪಕ್ಕದಲ್ಲಿಟ್ಟುಕೊಂಡೇ ತಿದ್ದಬೇಕು.

ಈ ಭಾಗದ ಹಳೆಯ ಕಂದಾಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ ಬಹಳ. ಅಂಥ ಕಾಗದ ಬಂದರೆ ಮೂಲದ ಸ್ಕ್ಯಾನ್, ಕನ್ನಡ ಲಿಪಿಯಲ್ಲಿ ಪಾಠ, ಕನ್ನಡ ಅನುವಾದ ಮೂರನ್ನೂ ಕೇಳಿ. ಚಿತ್ರಗಳು ಮುದ್ರಣದ ಅಳತೆಯಲ್ಲಿ 300 ಡಿಪಿಐ ಇರಬೇಕು. ವಾಟ್ಸಾಪಿನಲ್ಲಿ ಫೋಟೊ ಆಗಿ ಬಂದದ್ದು ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಇಮೇಲಿನಲ್ಲಿ ಕಳಿಸಲು ಹೇಳಿ.

ಟಿಪ್ಪಣಿಯ ಕ್ರಮವನ್ನು ವಿವರಿಸುತ್ತ ಪುಟ ತುಂಬಿಸಬೇಡಿ. ಪುಸ್ತಕಕ್ಕೆ ಒಂದು, ಪತ್ರಿಕೆಯ ಲೇಖನಕ್ಕೆ ಒಂದು, ಕಚೇರಿಯ ದಾಖಲೆಗೆ ಒಂದು, ಸಂದರ್ಶನಕ್ಕೆ ಒಂದು, ಹೀಗೆ ನಾಲ್ಕು ಮಾದರಿ ಕೊಟ್ಟರೆ ಸಾಕು.

ಪರಿಶೀಲನೆ

ಲೇಖನವೊಂದಕ್ಕೆ ಇಬ್ಬರು: ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ಈ ಮೂರು ಜಿಲ್ಲೆಗಳ ಹೊರಗಿನವರು. ಇಲ್ಲಿಯ ವಿದ್ವತ್ ವಲಯ ಚಿಕ್ಕದು, ಹೆಸರು ತೆಗೆದರೂ ಬರವಣಿಗೆಯಿಂದ ಲೇಖಕರನ್ನು ಗುರುತು ಹಿಡಿಯುತ್ತಾರೆ. ಅದಕ್ಕೇ ಹೊರಗಿನ ಒಬ್ಬರು ಬೇಕು. ಲೇಖಕರ ಪಿಎಚ್‌ಡಿ ಮಾರ್ಗದರ್ಶಕರಾಗಿದ್ದವರಿಗೆ ಕಳಿಸಬಾರದು. ಹೆಸರನ್ನು ಮೊದಲ ಪುಟದಿಂದಷ್ಟೇ ತೆಗೆದರೆ ಸಾಲದು. ಕಡತದ ಪ್ರಾಪರ್ಟೀಸ್‌ನಿಂದಲೂ ಅಳಿಸಿ, “ನನ್ನ ಹಿಂದಿನ ಲೇಖನದಲ್ಲಿ ಹೇಳಿದಂತೆ” ಎಂಬ ಮಾತುಗಳನ್ನು ಆ ಪ್ರತಿಯ ಮಟ್ಟಿಗೆ ಮರೆಮಾಡಿ. ಪರಿಶೀಲಕರಿಂದ ಅಂಕ ಕೇಳಬೇಡಿ. ಆಧಾರ ಸಾಕೇ, ವಾದ ಆಧಾರದಿಂದ ಹೊರಡುತ್ತದೆಯೇ, ಯಾವ ಭಾಗ ಬಿಡಬಹುದು, ಏನು ಸೇರಬೇಕು ಎಂಬ ನಾಲ್ಕಕ್ಕೆ ಒಂದು ಪುಟದ ಉತ್ತರ ಸಾಕು.

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ, ಅದರ ಮೇಲೆ ಶೇ 40, ಶೇ 60ರ ಹಂತಗಳಿವೆ. ಕನ್ನಡ ಲೇಖನದ ವಿಷಯದಲ್ಲಿ ತಂತ್ರಾಂಶದ ಶೇಕಡಾವಾರನ್ನೇ ನಂಬಿ ಕೂರಬೇಡಿ. ಹಳೆಯ ನುಡಿಯ ಕಡತವನ್ನು ಅದು ಓದುವುದೇ ಇಲ್ಲ, ಸೊನ್ನೆ ತೋರಿಸುತ್ತದೆ. ಯೂನಿಕೋಡಿಗೆ ತಂದ ಮೇಲೆ, ಲೇಖಕರ ಉಳಿದ ಶೈಲಿಗೆ ಹೊಂದದ ನಾಲ್ಕಾರು ವಾಕ್ಯಗಳನ್ನು ಆರಿಸಿ, ಒಂದೊಂದರಿಂದ ಏಳೆಂಟು ಪದ ತೆಗೆದು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಮುದ್ರಿತ ಪುಸ್ತಕದಿಂದ ಎತ್ತಿದ್ದನ್ನು ಹಿಡಿಯಬಲ್ಲವರು ಓದಿಕೊಂಡ ಪರಿಶೀಲಕರು ಮಾತ್ರ.

ಹಕ್ಕು ಮತ್ತು ಒಪ್ಪಿಗೆ

ಲೇಖನ ಸ್ವೀಕಾರವಾದ ಕೂಡಲೇ ಒಂದು ಪುಟದ ಒಪ್ಪಿಗೆ ಪತ್ರ ತರಿಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ತಿಳಿಯಲಾಗುತ್ತದೆ. ನ್ಯಾಯವಾದ ದಾರಿಯೆಂದರೆ ಹಕ್ಕನ್ನು ಲೇಖಕರಲ್ಲೇ ಬಿಟ್ಟು, ಮುದ್ರಣ ಮತ್ತು ಆನ್‌ಲೈನ್ ಪ್ರಕಟಣೆಗೆ ಅನುಮತಿಯನ್ನಷ್ಟೇ ಪಡೆಯುವುದು. ಮನೆಯ ಆಲ್ಬಮ್ಮಿನ ಫೋಟೊಗೆ ಮನೆಯವರ ಒಪ್ಪಿಗೆ, ಸ್ಟುಡಿಯೊದ ಫೋಟೊಗೆ ಸ್ಟುಡಿಯೊದವರ ಒಪ್ಪಿಗೆ ಬೇರೆಯಾಗಿ ಬೇಕು.

ಸಂದರ್ಶನವಿರುವ ಲೇಖನಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಮಾತಾಡಿದವರಿಗೆ ತಮ್ಮ ಮಾತು ಅಚ್ಚಾಗುತ್ತದೆ ಎಂದು ಗೊತ್ತಿತ್ತೇ, ಹೆಸರು ಹಾಕಲು ಒಪ್ಪಿದರೇ ಎಂದು ಲೇಖಕರನ್ನು ಕೇಳಿ. ಸಹಿ ಹಾಕಲಾರದವರ ಒಪ್ಪಿಗೆಯನ್ನು ಧ್ವನಿಯಲ್ಲಿ ಮುದ್ರಿಸಿಕೊಂಡಿದ್ದರೂ ಆಗುತ್ತದೆ. ಜಮೀನಿನ ಪರಿಹಾರದ ಮೊಕದ್ದಮೆ ಇನ್ನೂ ನ್ಯಾಯಾಲಯದಲ್ಲಿರುವ ಕುಟುಂಬದ ಸರ್ವೆ ನಂಬರ್, ಬಂದ ಹಣ, ಅಣ್ಣತಮ್ಮಂದಿರ ಪಾಲಿನ ಜಗಳ ಇವನ್ನು ಅಚ್ಚು ಮಾಡಬಾರದು. ಹೇಳಿದವರು ಒಪ್ಪಿದ್ದರೂ ಬಿಡಿ. ಸಂಶೋಧಕರ ಅಡಿಟಿಪ್ಪಣಿ ಎದುರು ಪಕ್ಷದ ವಕೀಲರ ಕೈಗೆ ಹೋಗಬಲ್ಲದು.

ಅಚ್ಚಿನ ಹಂತ

ಇನ್‌ಡಿಸೈನಿನಲ್ಲಿ ಯೂನಿಕೋಡ್ ಪಠ್ಯವನ್ನೇ ಬಳಸುವ ಡಿಟಿಪಿಯವರನ್ನು ಹುಡುಕಿ. ಪೇಜ್‌ಮೇಕರಿಗೆ ಯೂನಿಕೋಡ್ ಒಗ್ಗುವುದಿಲ್ಲ, ಅಲ್ಲಿ ಪಠ್ಯ ಮತ್ತೆ ಹಳೆಯ ಸಂಕೇತಕ್ಕೆ ಹೋಗಿ ತಿದ್ದಿದ ತಪ್ಪುಗಳು ತಿರುಗಿ ಬರುತ್ತವೆ. ಕರಡನ್ನು ಎರಡು ಸಲ ಓದಿ: ಮೊದಲನೆಯದನ್ನು ಲೇಖಕರು, ಎರಡನೆಯದನ್ನು ಲೇಖನ ಮೊದಲು ಓದಿರದ ಒಬ್ಬರು. ಲೇಖಕರಿಗೆ ಏಳು ದಿನ ಕೊಡಿ. ‘ತಪ್ಪು ಮಾತ್ರ ತಿದ್ದಿ, ಹೊಸ ಪ್ಯಾರಾ ಸೇರಿಸಬೇಡಿ’ ಎಂದು ಬರೆದೇ ಕಳಿಸಿ. ಅರ್ಧ ಪುಟ ಸೇರಿದರೂ ಮುಂದಿನ ಲೇಖನ ಎಡಪುಟಕ್ಕೆ ಜಾರಿ ಫಾರ್ಮಿನ ಲೆಕ್ಕ ತಪ್ಪುತ್ತದೆ.

ಲೇಖಕರಿಗೆ ಎರಡು ಪ್ರತಿ, ಸಂದರ್ಶನ ಕೊಟ್ಟವರಿಗೂ ದಾಖಲೆ ಕೊಟ್ಟ ಮನೆಗೂ ಒಂದೊಂದು ಪ್ರತಿ, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಒಂದು. ಈ ಪ್ರತಿಗಳನ್ನು ಮುದ್ರಣದ ಸಂಖ್ಯೆಯಲ್ಲಿ ಮೊದಲೇ ಸೇರಿಸಿ ಆರ್ಡರ್ ಕೊಡಿ. ಒಂದೊಂದು ಲೇಖನದ ಪಿಡಿಎಫ್ ಬೇರೆ ಮಾಡಿಸಿ. ಕಡತದ ಹೆಸರಿನಲ್ಲಿ ಪತ್ರಿಕೆ, ಸಂಪುಟ, ಸಂಚಿಕೆ, ವರ್ಷ, ಪುಟಸಂಖ್ಯೆ ಇರಲಿ. ಮುಂದೆ ಯಾರಾದರೂ ಉಲ್ಲೇಖಿಸುವಾಗ ಅವರ ಬಳಿ ಇರುವುದು ಆ ಒಂದು ಕಡತ ಮಾತ್ರ. ದಾಖಲೆಗಳ ಮೂಲಪ್ರತಿ ತರಿಸಿಕೊಂಡಿದ್ದರೆ ರಸೀದಿಯ ಪ್ರಕಾರ ಎಣಿಸಿ, ಸಂಚಿಕೆ ತಲುಪಿಸುವ ದಿನವೇ ಮನೆಯವರ ಕೈಗೆ ವಾಪಸ್ ಕೊಟ್ಟು ಸಹಿ ಪಡೆಯಿರಿ.